ಗಿರಿ ಹತ್ತುವಾಗ ಮಾತ್ರ ಕಾರು ಹೀಟ್ ಆಗುತ್ತದೆ: ಹೆಡ್ ಗ್ಯಾಸ್ಕೆಟ್ಟೇ ಹೋಗಿದೆಯಾ?

ಪ್ರಶ್ನೆ: ಸರ್, ನಮ್ಮದು ಆಲ್ದೂರು ಹತ್ತಿರದ ಹಳ್ಳಿ. 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ, 92 ಸಾವಿರ ಕಿ.ಮೀ. ಓಡಿದೆ. ಕಡೂರು, ಹಾಸನದ ಕಡೆ ಎಷ್ಟು ಓಡಿಸಿದರೂ ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಮೇಲೆ ಹೋಗುತ್ತಿರಲಿಲ್ಲ. ನೆಂಟರು ಬಂದಾಗ ಮುಳ್ಳಯ್ಯನಗಿರಿಗೆ ಹೊರಟರೆ, ಕೈಮರ ದಾಟಿ ಸಾಲಿನಲ್ಲಿ ನಿಂತು ನಿಂತು ಹತ್ತುವಾಗ ಮಾತ್ರ ಕೆಂಪಿಗೆ ಹೋಗುತ್ತದೆ. ಎರಡು ಸಲ ಬೋನೆಟ್ ಸಂದಿಯಿಂದ ಹಬೆಯೇ ಬಂತು. ಒಂದು ಗ್ಯಾರೇಜಿನವರು ರೇಡಿಯೇಟರ್ ಕ್ಲೀನ್ ಮಾಡಿ, ‘ವಾಲ್ವ್ ಪ್ರಾಬ್ಲಮ್ ಇತ್ತು, ಸರಿ ಮಾಡಿದೀವಿ’ ಅಂದರು. ಅಲ್ಲಿಂದಾಚೆಗೆ ಬಯಲು ರಸ್ತೆಯಲ್ಲಿ ಮುಳ್ಳು ಮಧ್ಯಕ್ಕೂ ಬರುವುದಿಲ್ಲ, ಮೈಲೇಜು 17ರಿಂದ 14ಕ್ಕೆ ಇಳಿದಿದೆ, ಬೆಳಿಗ್ಗೆ ಹೀಟರ್ ಹಾಕಿದರೆ ತಣ್ಣನೆ ಗಾಳಿ. ಗಿರಿಯಲ್ಲಿ ಮಾತ್ರ ಅದೇ ಹಳೇ ಕಥೆ. ಎರಡು ವಾರಕ್ಕೊಮ್ಮೆ ಅರ್ಧ ಲೀಟರ್ ಕೂಲೆಂಟ್ ಹಾಕಬೇಕು. ವಿಚಿತ್ರ ಅಂದರೆ ಬೆಳಿಗ್ಗೆ ನೋಡಿದರೆ ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ತುಂಬಿರುತ್ತದೆ, ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ನೀರೇ ಕಾಣುವುದಿಲ್ಲ. ಇಂಜಿನ್ ಆಯಿಲ್ ಹಾಕುವ ಮುಚ್ಚಳದ ಕೆಳಗೆ ಬೆಳ್ಳಗೆ ಕೆನೆ ಕಟ್ಟಿದೆ. ಅದನ್ನು ನೋಡಿ ಇನ್ನೊಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ ಹೋಗಿದೆ, 25 ಸಾವಿರ ಆಗುತ್ತೆ ಅಂದಿದ್ದಾರೆ. ನಮ್ಮ ಭಾವ, ‘ಮಲೆನಾಡಲ್ಲಿ ಕೂಲೆಂಟ್ ಯಾಕೋ, ಬರೀ ನೀರು ಹಾಕು, ಘಾಟಿಲಿ ಎಲ್ಲಾ ಗಾಡೀನೂ ಹೀಟ್ ಆಗುತ್ತೆ’ ಅನ್ನುತ್ತಾರೆ. ಮುಂದಿನ ತಿಂಗಳು ಮನೆಯವರನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗಬೇಕು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತನ್ನೂ ಬದಿಗಿಡಿ. ನಿಮ್ಮ ಪತ್ರದಲ್ಲೇ ಮುಕ್ಕಾಲು ಉತ್ತರ ಇದೆ. ಹೀಟ್ ಆಗುತ್ತೆ ಎಂದು ಹಾಸನದ ನಮ್ಮ ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಯಾವ ಪಾರ್ಟ್ ಹೋಗಿರಬಹುದು ಎಂದೇ ಮೊದಲು ಕೇಳುತ್ತಾರೆ. ನನಗೆ ಮೊದಲು ಬೇಕಾದದ್ದು ಅದಲ್ಲ. ಎಲ್ಲಿ, ಎಷ್ಟು ಸ್ಪೀಡಿನಲ್ಲಿ, ಏರಿನಲ್ಲೋ ಸಾಲಿನಲ್ಲೋ, ಎಸಿ ಹಾಕಿದಾಗಲೋ ಹಾಕದೆಯೋ ಹೀಟ್ ಆಯಿತು ಅನ್ನುವುದು. ನೀವು ಅದನ್ನು ಕೇಳದೆಯೇ ಬರೆದಿದ್ದೀರಿ. ಬಯಲಿನಲ್ಲಿ ಇಲ್ಲ, ನಿಂತು ನಿಂತು ಏರುವಾಗ ಮಾತ್ರ.

ಕಾರು 80ರಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ, ಫ್ಯಾನಿಗೆ ಅಷ್ಟು ಕೆಲಸವಿಲ್ಲ. ಆ ಸ್ಪೀಡಿನಲ್ಲೂ ಹೀಟ್ ಆದರೆ ಒಳಗೆ ನೀರು ಸರಿಯಾಗಿ ಓಡುತ್ತಿಲ್ಲ ಎಂದು ಅರ್ಥ. ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸವೆದಿರಬಹುದು, ಥರ್ಮೋಸ್ಟಾಟ್ (ಶಾಖ ನೋಡಿ ಕೂಲೆಂಟಿನ ದಾರಿ ತೆರೆಯುವ ವಾಲ್ವು) ಮುಚ್ಚಿಕೊಂಡಿರಬಹುದು. ಓಡುವಾಗ ಚೆನ್ನಾಗಿದ್ದು ನಿಂತಾಗ ಮಾತ್ರ ಏರಿದರೆ ಗಾಳಿಯ ಕಡೆ ನೋಡಬೇಕು, ಅಂದರೆ ಫ್ಯಾನು ಮತ್ತು ಅದರ ವೈರಿಂಗು. ಗಿರಿಯ ಸಾಲಿನಲ್ಲಿ ಎರಡೂ ಒಟ್ಟಿಗೆ ಬರುತ್ತವೆ: ಇಂಜಿನ್ನಿಗೆ ಒಂದನೇ ಗೇರಿನ ಲೋಡು, ಎದುರುಗಾಳಿ ಮಾತ್ರ ಇಲ್ಲ. ಸಣ್ಣದೊಂದು ಕೊರತೆಯಿದ್ದರೂ ಅಲ್ಲಿ ಬಯಲಿಗೆ ಬೀಳುತ್ತದೆ. ‘ಘಾಟಿಲಿ ಎಲ್ಲಾ ಗಾಡೀನೂ ಹೀಟ್ ಆಗುತ್ತೆ’ ಎಂಬ ನಿಮ್ಮ ಭಾವನವರ ಮಾತು ಅಂಬಾಸಿಡರ್ ಕಾಲಕ್ಕೆ ಸರಿಯಿತ್ತು. ಕೂಲಿಂಗ್ ಸರಿಯಿರುವ ಇವತ್ತಿನ ಕಾರು ಎಸಿ ಹಾಕಿಕೊಂಡೇ ಗಿರಿ ಹತ್ತಬೇಕು, ಮುಳ್ಳು ಮಧ್ಯ ದಾಟಬಾರದು.

ಇನ್ನು ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ದೊಡ್ಡ ವಿಷಯ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಅಲ್ಲ, ಆ ಪ್ಲಾಸ್ಟಿಕ್ ಟ್ಯಾಂಕು. ಟ್ಯಾಂಕ್ ತುಂಬಿದೆ, ರೇಡಿಯೇಟರ್ ಖಾಲಿ. ಇದಕ್ಕೆ ಉತ್ತರ ಇರುವುದು ರೇಡಿಯೇಟರ್ ಮುಚ್ಚಳದಲ್ಲಿ, ನಾವು ಕ್ಯಾಪ್ ಅನ್ನುವುದರಲ್ಲಿ.

ಕ್ಯಾಪನ್ನು ಬರೀ ಮುಚ್ಚಳ ಅಂದುಕೊಳ್ಳಬೇಡಿ. ಅದರ ಅಡಿಯಲ್ಲಿ ಸ್ಪ್ರಿಂಗ್ ಇರುವ ಒಂದು ರಬ್ಬರ್ ಸೀಲು, ಸೀಲಿನ ನಡುವೆ ರೂಪಾಯಿ ಬಿಲ್ಲೆಗಿಂತ ಚಿಕ್ಕದಾದ ಇನ್ನೊಂದು ವಾಲ್ವು ಇರುತ್ತದೆ. ದೊಡ್ಡ ಸ್ಪ್ರಿಂಗು ಕುಕ್ಕರಿನ ವೆಯ್ಟ್ ಇದ್ದ ಹಾಗೆ: ಒಳಗೆ ಪ್ರೆಶರ್ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ನೋಡಿಕೊಳ್ಳುತ್ತದೆ. ಕ್ಯಾಪಿನ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅದು ಬಾರ್ ಲೆಕ್ಕ. ಪ್ರೆಶರ್ ಅದಕ್ಕಿಂತ ಹೆಚ್ಚಾದರೆ ಸ್ಪ್ರಿಂಗು ಎದ್ದು ಸ್ವಲ್ಪ ಕೂಲೆಂಟನ್ನು ಸಣ್ಣ ಪೈಪಿನ ಮೂಲಕ ಪಕ್ಕದ ಟ್ಯಾಂಕಿಗೆ ಬಿಡುತ್ತದೆ. ಇಂಜಿನ್ ತಣ್ಣಗಾದಾಗ ಒಳಗೆ ಎಳೆತ ಹುಟ್ಟುತ್ತದೆ. ಆಗ ನಡುವಿನ ಸಣ್ಣ ವಾಲ್ವು ತೆರೆದು ಹೋದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳುತ್ತದೆ.

ನಿಮ್ಮ ಕಾರಿನಲ್ಲಿ ಹೋಗುವುದು ನಡೆದಿದೆ, ವಾಪಸ್ ಬರುವುದು ನಡೆದಿಲ್ಲ. ಹತ್ತು ವರ್ಷ ದಾಟಿದ ಕ್ಯಾಪಿನಲ್ಲಿ ಇದು ಮಾಮೂಲಿ. ರಬ್ಬರು ಗಟ್ಟಿಯಾಗಿ ಒಡೆದಿರುತ್ತದೆ, ಸ್ಪ್ರಿಂಗು ಬಲ ಕಳೆದುಕೊಂಡಿರುತ್ತದೆ, ಸಣ್ಣ ವಾಲ್ವು ತುಕ್ಕಿನ ಪುಡಿಗೆ ಅಂಟಿಕೊಂಡಿರುತ್ತದೆ. ಟ್ಯಾಂಕಿಗೆ ಹೋಗುವ ಸಣ್ಣ ರಬ್ಬರ್ ಪೈಪಿನ ತುದಿ ಸೀಳಿದ್ದರೂ ಇದೇ ಆಗುತ್ತದೆ, ಕೂಲೆಂಟಿನ ಬದಲು ಗಾಳಿ ಒಳಗೆ ಹೋಗುತ್ತದೆ. ಮುಂದಿನ ಸಲ ಹೀಟ್ ಆದಾಗ ಮೊದಲೇ ತುಂಬಿರುವ ಟ್ಯಾಂಕು ಇನ್ನಷ್ಟು ಹಿಡಿಯಲಾರದೆ ಚಕ್ರದ ಹತ್ತಿರ ಸುರಿಯುತ್ತದೆ. ನೀವು ಹಾಕಿದ ಅರ್ಧರ್ಧ ಲೀಟರ್ ಎಲ್ಲಿಗೆ ಹೋಯಿತು ಎಂಬುದಕ್ಕೆ ಇದಿಷ್ಟೇ ಸಾಕು.

ಇಲ್ಲಿ ನಮ್ಮ ಊರುಗಳ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರು ಪೇಟೆಯೇ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಎತ್ತರ ಹೋದಂತೆ ನೀರು ಬೇಗ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯ ಲೆಕ್ಕ. ಗಿರಿಯ ತುದಿಯಲ್ಲಿ ತೆರೆದ ಪಾತ್ರೆಯ ನೀರು 93–94 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಆದರೆ ಬಹಳಷ್ಟು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಶುರುವಾಗುವುದೇ 95 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದರ ಮೇಲೆ. ಕ್ಯಾಪು ಪ್ರೆಶರ್ ಹಿಡಿಯದಿದ್ದರೆ, ಒಳಗಿರುವುದು ಬರೀ ನೀರೇ ಆಗಿದ್ದರೆ, ಫ್ಯಾನ್ ತಿರುಗುವ ಮೊದಲೇ ಕುದಿ ಶುರು. ಅದೇ 0.9 ಬಾರ್ ಹಿಡಿಯುವ ಒಳ್ಳೆಯ ಕ್ಯಾಪಿದ್ದರೆ ಆ ಎತ್ತರದಲ್ಲೂ ಬರೀ ನೀರು 115 ಡಿಗ್ರಿಯವರೆಗೆ ತಡೆಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಇನ್ನೂ ಆರೇಳು ಡಿಗ್ರಿ ಮೇಲೆ. ಕೆಲವು ನೂರು ರೂಪಾಯಿಯ ಕ್ಯಾಪು ಕೊಡುವ ಅಂತರ ಇಪ್ಪತ್ತು ಡಿಗ್ರಿ! ಆದರೂ 25 ಸಾವಿರದ ಎಸ್ಟಿಮೇಟಿನಲ್ಲಿ ಕ್ಯಾಪಿನ ಹೆಸರು ಕಾಣುವುದು ಅಪರೂಪ. ಹೊಸದು ತರುವಾಗ ಹಳೆಯದರ ಮೇಲಿನ ನಂಬರನ್ನೇ ನೋಡಿ ತನ್ನಿ. ಹೆಚ್ಚು ಪ್ರೆಶರಿನದು ಹಾಕಿದರೆ ಒಳ್ಳೆಯದಲ್ಲವೇ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಹಳೇ ಹೋಸ್ ಪೈಪೋ ರೇಡಿಯೇಟರಿನ ಪ್ಲಾಸ್ಟಿಕ್ ಅಂಚೋ ಬಾಯಿಬಿಡುತ್ತದೆ.

ಈಗ ‘ವಾಲ್ವ್ ಸರಿ ಮಾಡಿದೀವಿ’ ಅಂದರಲ್ಲ, ಆ ಕಥೆ. ಮುಳ್ಳು ಮಧ್ಯಕ್ಕೆ ಬರುತ್ತಿಲ್ಲ, ಮೈಲೇಜು ಬಿದ್ದಿದೆ, ಹೀಟರಿನಲ್ಲಿ ಬಿಸಿಗಾಳಿ ಇಲ್ಲ. ಮೂರೂ ಒಂದೇ ಸಲ, ಅದೂ ಆ ರಿಪೇರಿಯ ಮರುದಿನದಿಂದ. ನನ್ನ ಬಲವಾದ ಅನುಮಾನ, ಅವರು ಥರ್ಮೋಸ್ಟಾಟ್ ವಾಲ್ವನ್ನು ಸರಿ ಮಾಡಿಲ್ಲ, ಕಿತ್ತು ಹಾಕಿದ್ದಾರೆ. ನಮ್ಮ ಕಡೆ ಇದು ಬಹಳ ಹಳೆಯ ಚಾಳಿ. ‘ನಮ್ಮ ದೇಶಕ್ಕೆ ಥರ್ಮೋಸ್ಟಾಟ್ ಬೇಡ, ಅದು ಫಾರಿನ್ ಚಳಿಗೆ ಮಾಡಿದ್ದು’ ಅನ್ನುತ್ತಾರೆ. ಅದರ ಕೆಲಸ ಇಂಜಿನ್ನನ್ನು ಬೇಗ ಬಿಸಿ ಮಾಡಿ, 82ರಿಂದ 88 ಡಿಗ್ರಿ ಹೊತ್ತಿಗೆ ತೆರೆದುಕೊಂಡು, ಆ ಮೇಲೆ ಶಾಖವನ್ನು ಒಂದೇ ಹದದಲ್ಲಿ ಇಡುವುದು. ಅದಿಲ್ಲದಿದ್ದರೆ ಇಂಜಿನ್ ಸದಾ ತಣ್ಣಗಿರುತ್ತದೆ, ಕಂಪ್ಯೂಟರು ‘ಇನ್ನೂ ಬಿಸಿಯಾಗಿಲ್ಲ’ ಎಂದು ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಆಯಿಲ್ ಸರಿಯಾಗಿ ತೆಳುವಾಗದೆ ಸವೆತ ಜಾಸ್ತಿಯಾಗುತ್ತದೆ. ನಿಮ್ಮ ಮೂರು ಕಿ.ಮೀ. ಮೈಲೇಜು ಹೋದದ್ದು ಹೀಗೆ.

ಏರಿನಲ್ಲಾದರೂ ಅನುಕೂಲವಾಯಿತೇ ಎಂದರೆ ಅದೂ ಇಲ್ಲ. ಎಷ್ಟೋ ಇಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಹಿಂಬದಿಯಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ಥರ್ಮೋಸ್ಟಾಟ್ ತೆರೆದಾಗ ಅದು ಬೈಪಾಸ್ ದಾರಿಯನ್ನು ಮುಚ್ಚಿ ಎಲ್ಲ ಕೂಲೆಂಟನ್ನೂ ರೇಡಿಯೇಟರ್ ಕಡೆ ತಳ್ಳುತ್ತದೆ. ಇಡೀ ವಾಲ್ವನ್ನು ಕಿತ್ತರೆ ಬೈಪಾಸು ಸದಾ ತೆರೆದೇ ಇರುತ್ತದೆ. ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರನ್ನೇ ನೋಡದೆ ಇಂಜಿನ್ನಿಗೆ ಮರಳುತ್ತದೆ. ಬಯಲಲ್ಲಿ ಅತಿ ತಣ್ಣಗೆ, ಲೋಡು ಬಿದ್ದಾಗ ಅತಿ ಬಿಸಿ. ನಿಮ್ಮ ಕಾರಿನ ಲಕ್ಷಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಖಾತ್ರಿ ಮಾಡಿಕೊಳ್ಳಲು ಬೆಳಿಗ್ಗೆ ಇಂಜಿನ್ ಶುರು ಮಾಡಿ ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಮುಟ್ಟಿ ನೋಡುತ್ತಿರಿ. ಥರ್ಮೋಸ್ಟಾಟ್ ಇದ್ದರೆ ಬಹುತೇಕ ಕಾರುಗಳಲ್ಲಿ ಅದು ಐದೋ ಹತ್ತೋ ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋಗುತ್ತದೆ.

ಆಯಿಲ್ ಮುಚ್ಚಳದ ಕೆಳಗಿನ ಕೆನೆಗೂ ಇದಕ್ಕೂ ನಂಟಿದೆ. ಆ ಬಿಳಿ ಕೆನೆ ಕಂಡರೆ ಗ್ಯಾಸ್ಕೆಟ್ ಹೋಗಿದೆ ಅನ್ನುವುದು ಅರ್ಧ ಸತ್ಯ. ಆಯಿಲಿಗೆ ಕೂಲೆಂಟ್ ಸೇರಿದರೆ ಕೆನೆ ಕಟ್ಟುವುದು ನಿಜ. ಆದರೆ ಮಲೆನಾಡಿನ ಚಳಿ ಬೆಳಗು, ಮಳೆಗಾಲದ ತೇವ, ಪೇಟೆಗೆ ಹೋಗಿ ಬರುವ ಸಣ್ಣ ಓಡಾಟ, ಜೊತೆಗೆ ಥರ್ಮೋಸ್ಟಾಟ್ ಇಲ್ಲದೆ ಸರಿಯಾಗಿ ಬಿಸಿಯಾಗದ ಇಂಜಿನ್ನು, ಇಷ್ಟಿದ್ದರೆ ಒಳಗಿನ ಹಬೆ ಮುಚ್ಚಳಕ್ಕೆ ಬಡಿದು ನೀರಾಗಿ ಆಯಿಲ್ ಜೊತೆ ಕಲಸಿ ಅದೇ ಕೆನೆ ಕಟ್ಟುತ್ತದೆ. ಜೂನ್‌ನಿಂದ ಜನವರಿವರೆಗೆ ಮೂಡಿಗೆರೆ, ಬಾಳೆಹೊನ್ನೂರು ಕಡೆಯಿಂದ ಬರುವ ಎಷ್ಟೋ ಆರೋಗ್ಯವಂತ ಕಾರುಗಳ ಮುಚ್ಚಳದಲ್ಲಿ ನಾನಿದನ್ನು ನೋಡುತ್ತೇನೆ. ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕಡ್ಡಿಯ ಮೇಲಿನ ಆಯಿಲ್ ಶುದ್ಧ ಕಂದು ಅಥವಾ ಕಪ್ಪಾಗಿದ್ದು, ಮಟ್ಟ ಏರಿಲ್ಲದಿದ್ದರೆ ಅದು ಹಬೆಯ ನೀರು. ಕಡ್ಡಿಯ ಮೇಲೂ ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ, ಮಟ್ಟವೂ ಏರಿದ್ದರೆ, ಇಂಜಿನ್ ಶುರು ಮಾಡಲೇಬೇಡಿ. ಗಾಡಿಯನ್ನು ಎಳೆಸಿಕೊಂಡೇ ಹೋಗಿ.

ಗ್ಯಾಸ್ಕೆಟ್ ಹೋಗಿಲ್ಲ ಎಂದು ನಾನು ಇಲ್ಲಿಂದಲೇ ಬರೆದುಕೊಡಲಾರೆ. ಎರಡು ಸಲ ಹಬೆ ಬರುವಷ್ಟು ಕುದಿದಿದೆ ಅಂದರೆ ಅಲ್ಯೂಮಿನಿಯಂ ಹೆಡ್ ಸ್ವಲ್ಪ ಬಾಗಿರುವ ಸಾಧ್ಯತೆ ಇದ್ದೇ ಇದೆ. ಮೊದಲು ಬೇರೆ ಕಾರಣಕ್ಕೆ ಹೀಟ್ ಆಗಿ, ಅದರಿಂದ ಗ್ಯಾಸ್ಕೆಟ್ ಹೋಗುವುದೇ ಹೆಚ್ಚು. ಮೂಲ ಕಾರಣ ಬಿಟ್ಟು ಬರೀ ಗ್ಯಾಸ್ಕೆಟ್ ಬದಲಿಸಿದವರು ಆರು ತಿಂಗಳಲ್ಲಿ ಮತ್ತೆ ಬರುತ್ತಾರೆ. ಹಾಗಾಗಿ ಪರೀಕ್ಷೆ ಆಗಲಿ, ಆದರೆ ಹೆಡ್ ಬಿಚ್ಚುವ ಮೊದಲು ಆಗಲಿ.

ಮನೆಯಲ್ಲೇ ನೋಡುವುದಾದರೆ ರಾತ್ರಿಯೆಲ್ಲ ನಿಂತ ಕಾರಿನ ಮೇಲಿನ ಹೋಸನ್ನು ಹಿಸುಕಿ. ಮೆತ್ತಗಿದ್ದರೆ ಸರಿ. ಒಳಗೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ಕ್ಯಾಪಿನ ಸಣ್ಣ ವಾಲ್ವು ಅಂಟಿಕೊಂಡಿದೆ. ಬೆಳಿಗ್ಗೆಯೂ ಗಟ್ಟಿಯಾಗಿ ಉಬ್ಬಿದ್ದರೆ ಸಿಲಿಂಡರಿನ ಗ್ಯಾಸು ಕೂಲೆಂಟಿಗೆ ನುಗ್ಗುತ್ತಿದೆ, ಗ್ಯಾಸ್ಕೆಟ್ ಮೇಲೆ ಅನುಮಾನ ಬಲವಾಗುತ್ತದೆ. ಇನ್ನೊಂದು: ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು, ಬಾಯಿವರೆಗೆ ತುಂಬಿ, ಇಂಜಿನ್ ಶುರು ಮಾಡಿ ನೋಡಿ. ಮೊದಲಿಗೆ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗಿದ್ದ ಗಾಳಿ. ನಿಲ್ಲದೆ ಗುಳ್ಳೆ ಏಳುತ್ತಿದ್ದರೆ, ಅಥವಾ ಮೊದಲ ನಿಮಿಷದಲ್ಲೇ ನೀರು ಉಕ್ಕಿ ಹೊರಗೆ ಚಿಮ್ಮಿದರೆ ಅದು ಗ್ಯಾಸು.

ಗ್ಯಾರೇಜಿನಲ್ಲಿ ಬ್ಲಾಕ್ ಟೆಸ್ಟ್ ಕೇಳಿ. ರೇಡಿಯೇಟರ್ ಬಾಯಿಗೆ ಒಂದು ಗಾಜಿನ ನಳಿಕೆ ಇಟ್ಟು, ಅದರೊಳಗಿನ ನೀಲಿ ದ್ರಾವಣದ ಮೂಲಕ ಮೇಲಿನ ಗಾಳಿಯನ್ನು ಎಳೆಯುತ್ತಾರೆ. ಪೆಟ್ರೋಲ್ ಇಂಜಿನ್ನಿನ ಸುಟ್ಟ ಗ್ಯಾಸು ಕೂಲೆಂಟಿನಲ್ಲಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹತ್ತು ನಿಮಿಷದ ಕೆಲಸ. ಇದರ ಜೊತೆ ಪ್ರೆಶರ್ ಟೆಸ್ಟ್: ಕ್ಯಾಪ್ ಜಾಗದಲ್ಲಿ ಕೈಪಂಪು ಕೂರಿಸಿ, ಕ್ಯಾಪಿನ ಮೇಲೆ ಬರೆದಷ್ಟು ಪ್ರೆಶರ್ ತುಂಬಿಸಿ ಕಾಲು ಗಂಟೆ ಬಿಟ್ಟರೆ ಸೋರಿಕೆ ಎಲ್ಲಿದೆ ಗೊತ್ತಾಗುತ್ತದೆ. ಈಗಿನ ರೇಡಿಯೇಟರುಗಳಲ್ಲಿ ಅಲ್ಯೂಮಿನಿಯಂ ಕೋರು, ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕು. ಅವೆರಡು ಸೇರುವ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಪ್ರೆಶರ್ ಬಂದಾಗ ಮಾತ್ರ ಸೋರಿ, ಅಲ್ಲೇ ಆವಿಯಾಗಿ, ಒಣಗಿದ ಹಸಿರು ಅಥವಾ ಬಿಳಿ ಕಲೆ ಉಳಿಯುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಕಾಣುವುದಿಲ್ಲ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಬಳಿ ಇಂಥದೇ ಕಲೆ ಇದ್ದರೆ ಪಂಪಿನ ಸೀಲು ಹೋಗಿದೆ.

ಇನ್ನು ಫ್ಯಾನು. ಸಾಲಿನಲ್ಲಿ ನಿಂತಾಗ ಹೀಟ್ ಆಗುವ ನಿಮ್ಮ ಕಾರಿಗೆ ಕ್ಯಾಪಿನಷ್ಟೇ ಮುಖ್ಯವಾದದ್ದು ಇದೇ. ಮನೆ ಅಂಗಳದಲ್ಲಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಒಂದು ನಿಮಿಷದೊಳಗೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸು, ಆಮೇಲೆ ರಿಲೇ (ಪಕ್ಕದಲ್ಲಿರುವ ಅದೇ ಥರದ್ದನ್ನು ಅದಲುಬದಲು ಮಾಡಿ ನೋಡಬಹುದು), ಆಮೇಲೆ ಮೋಟರ್. ಮೋಟರಿನ ಕಾರ್ಬನ್ ಬ್ರಷ್ ಸವೆದಿದ್ದರೆ ಫ್ಯಾನ್ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. ಸ್ಪ್ಯಾನರಿನ ಹಿಡಿಯಿಂದ ತಟ್ಟಿದರೆ ಎಚ್ಚರಾಗುತ್ತದೆ. ಅಂಥ ಫ್ಯಾನು ಗ್ಯಾರೇಜಿನ ಮುಂದೆ ಚೆನ್ನಾಗಿ ತಿರುಗಿ ಗಿರಿಯಲ್ಲಿ ಕೈಕೊಡುತ್ತದೆ. ಎರಡು ಸ್ಪೀಡಿನ ಫ್ಯಾನಿನಲ್ಲಿ ಒಂದು ಸ್ಪೀಡು ಮಾತ್ರ ಸತ್ತಿರುವುದೂ ಉಂಟು. ತಿರುಗುತ್ತಿದ್ದರೂ ನಂಬಬೇಡಿ, ಗ್ರಿಲ್ಲಿನ ಹಿಂದೆ ಕಾಣುವ ಜಾಲರಿಗೆ ಒಂದು ಹಾಳೆ ನ್ಯೂಸ್‌ಪೇಪರ್ ಹಿಡಿಯಿರಿ. ಫ್ಯಾನ್ ರೇಡಿಯೇಟರಿನ ಹಿಂದೆ ಇರುವ ಕಾರಿನಲ್ಲಿ ಹಾಳೆ ಅಂಟಿಕೊಳ್ಳಬೇಕು. ಹಾರಿ ಬಿದ್ದರೆ ಯಾವುದೋ ರಿಪೇರಿಯಲ್ಲಿ ಎರಡು ವೈರು ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗುತ್ತಿದೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ಶುರುವಾಗುತ್ತದೆ, ಬೋನೆಟ್ ಕೆಳಗೆ ಕೈಯಿಡುವಾಗ ಶಾಲು, ಸೆರಗು ದೂರ ಇರಲಿ.

ಹಾಳೆ ಅರ್ಧಂಬರ್ಧ ಅಂಟಿದರೆ ಜಾಲರಿ ಕಟ್ಟಿದೆ. ಎಸಿಯ ಕಂಡೆನ್ಸರ್ ಮುಂದೆ, ಅದರ ಹಿಂದೆ ರೇಡಿಯೇಟರು, ನಡುವೆ ಎರಡು ಬೆರಳಿನ ಸಂದಿ. ತೋಟದ ರಸ್ತೆಯಲ್ಲಿ ಓಡುವ ಕಾರುಗಳ ಈ ಸಂದಿಯಿಂದ ಒಣಗಿದ ಸಿಲ್ವರ್ ಓಕ್ ಎಲೆ, ಕೆಂಪುಮಣ್ಣು, ಸತ್ತ ಹುಳುಗಳು ಹೆಂಟೆ ಹೆಂಟೆಯಾಗಿ ಬರುತ್ತವೆ. ರೇಡಿಯೇಟರ್ ‘ಕ್ಲೀನ್ ಮಾಡಿದ್ದೇವೆ’ ಅಂದವರು ಒಳಗೆ ನೀರು ಬಿಟ್ಟಿರುತ್ತಾರೆ, ಈ ಸಂದಿಯನ್ನು ನೋಡಿರುವುದಿಲ್ಲ. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಕ್ಕೆ, ಮನೆಯ ಪೈಪಿನ ಸಾಧಾರಣ ನೀರಿನಲ್ಲಿ. ವಾಟರ್ ಸರ್ವಿಸಿನ ಗನ್ನು ಹತ್ತಿರದಿಂದ ಹಿಡಿದರೆ ತೆಳು ರೆಕ್ಕೆಗಳೆಲ್ಲ ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಭಾವನವರ ‘ಬರೀ ನೀರು’ ವಿಚಾರ. ಕೂಲೆಂಟ್ ಇರುವುದು ಹೆಪ್ಪುಗಟ್ಟದಿರಲಿ ಎಂದಷ್ಟೇ ಅಲ್ಲ. ಕುದಿಯುವ ಮಟ್ಟ ಏರಿಸುತ್ತದೆ, ಅಲ್ಯೂಮಿನಿಯಂ ತಿಂದುಹೋಗದಂತೆ ತಡೆಯುತ್ತದೆ. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಹಾಕಿದ ರೇಡಿಯೇಟರ್ ಕತ್ತರಿಸಿ ನೋಡಿದರೆ ಕೊಳವೆಯೊಳಗೆ ಸುಣ್ಣ ಕಟ್ಟಿ ಅರ್ಧ ದಾರಿಯೇ ಇರುವುದಿಲ್ಲ. ಮಲೆನಾಡಿನ ಹಳ್ಳದ ನೀರಿನಲ್ಲಿ ಸುಣ್ಣ ಕಡಿಮೆ, ಆದರೆ ತುಕ್ಕು ತಡೆಯುವ ಶಕ್ತಿ ಅದಕ್ಕೂ ಇಲ್ಲ. ಹಳೇ ಹಿತ್ತಾಳೆ ರೇಡಿಯೇಟರನ್ನು ಬಿಚ್ಚಿ ಕಡ್ಡಿ ಹಾಕಿ ಕ್ಲೀನ್ ಮಾಡಬಹುದಿತ್ತು, ಈಗಿನ ಅಲ್ಯೂಮಿನಿಯಂ ಕೋರಿಗೆ ಆ ವೈದ್ಯ ನಡೆಯುವುದಿಲ್ಲ, ಕಟ್ಟಿದರೆ ಹೊಸದೇ. ದಾರಿಯಲ್ಲಿ ತುರ್ತಿಗೆ ಬಿಸ್ಲೇರಿ ನೀರು ಹಾಕಿ ಮನೆ ಸೇರಿ, ತಪ್ಪಿಲ್ಲ. ಆಮೇಲೆ ಅದನ್ನು ಇಳಿಸಿ, ಕಾರಿನ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನು ಬ್ಯಾಟರಿ ನೀರಿನ (ಆ್ಯಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್) ಜೊತೆ ಬೆರೆಸಿ ತುಂಬಿಸಿ. ಬೆರೆಸಿದ್ದೇ ಕ್ಯಾನಿನಲ್ಲಿ ಸಿಗುವುದಕ್ಕೆ ಮತ್ತೆ ನೀರು ಸೇರಿಸಬೇಡಿ. ಬಣ್ಣ ನೋಡಿ ಕೊಳ್ಳಬೇಡಿ, ಹಸಿರೋ ಕೆಂಪೋ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಎರಡು ಜಾತಿಯ ಕೂಲೆಂಟ್ ಕಲಸಿದರೆ ಒಮ್ಮೊಮ್ಮೆ ಲೋಳೆಯಾಗಿ ಕೊಳವೆ ಕಟ್ಟುತ್ತದೆ. ತುಂಬಿಸುವಾಗ ಗಾಡಿಯ ಮೂತಿ ಮೇಲಿರುವ ಹಾಗೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಫುಲ್ ಇಟ್ಟು, ಕ್ಯಾಪ್ ತೆರೆದು ಗುಳ್ಳೆ ನಿಲ್ಲುವವರೆಗೆ ಇಂಜಿನ್ ಓಡಿಸಿ. ಒಳಗೆ ಗಾಳಿ ಉಳಿದರೆ ಹೊಸ ಪಾರ್ಟ್ ಹಾಕಿಯೂ ಹೀಟ್ ಆಗುತ್ತದೆ.

ಹಾಗಾದರೆ ಮುಂದೇನು? ನಾನಾಗಿದ್ದರೆ ಮೊದಲು ಬ್ಲಾಕ್ ಟೆಸ್ಟ್, ಪ್ರೆಶರ್ ಟೆಸ್ಟ್ ಮಾಡಿಸುತ್ತಿದ್ದೆ. ಎರಡೂ ಪಾಸಾದರೆ ಹೊಸ ಕ್ಯಾಪು, ಹೊಸ ಥರ್ಮೋಸ್ಟಾಟು, ಟ್ಯಾಂಕಿನ ಸಣ್ಣ ಪೈಪು, ಪೂರ್ತಿ ಹೊಸ ಕೂಲೆಂಟು, ಫ್ಯಾನಿನ ತಪಾಸಣೆ. ಫ್ಯಾನ್ ಮೋಟರ್ ಬದಲಿಸಬೇಕಾಗಿ ಬಂದರೂ ನಿಮಗೆ ಹೇಳಿದ 25 ಸಾವಿರದ ಹತ್ತಿರ ಹೋಗುವುದಿಲ್ಲ. ‘ಫ್ಯಾನನ್ನು ಡೈರೆಕ್ಟ್ ಮಾಡಿ ಸ್ವಿಚ್ ಕೊಡ್ತೀನಿ’ ಅನ್ನುವವರು ಸಿಗುತ್ತಾರೆ. ಗಿರಿಯಿಂದ ಇಳಿದು ಮನೆ ಸೇರಲು ಅದು ಸರಿ. ಅದನ್ನೇ ಕಾಯಂ ಮಾಡಿಕೊಂಡರೆ ಒಂದು ದಿನ ಸ್ವಿಚ್ ಹಾಕಲು ಮರೆಯುತ್ತೀರಿ. ಲೀಕ್ ನಿಲ್ಲಿಸುವ ಪೌಡರು, ಹಳೇ ಡ್ರೈವರುಗಳ ಅರಿಶಿನ ಪುಡಿ, ಇವೂ ಅಷ್ಟೇ. ಸಣ್ಣ ತೂತನ್ನು ಮುಚ್ಚುವ ಪುಡಿಗೆ ಹೀಟರಿನ ಸಣ್ಣ ಕೊಳವೆ ಯಾವುದು, ತೂತು ಯಾವುದು ಎಂಬ ಭೇದ ಗೊತ್ತಿಲ್ಲ.

ಬ್ಲಾಕ್ ಟೆಸ್ಟಿನಲ್ಲಿ ಹಳದಿ ಬಂದರೆ ಹೆಡ್ ಇಳಿಸಲೇಬೇಕು. ನೀರು ಹಾಕಿಕೊಂಡು ಓಡಿಸುತ್ತಾ ಹೋದರೆ ಗ್ಯಾಸ್ಕೆಟ್ಟಿನ ಖರ್ಚು ಇಂಜಿನ್ನಿನ ಖರ್ಚಾಗುತ್ತದೆ. ಹೆಡ್ ಇಳಿಸಿದರೆ ಲೇತ್ ಅಂಗಡಿಯಲ್ಲಿ ಪಟ್ಟಿ ಇಟ್ಟು ಬಾಗಿದೆಯೇ ನೋಡಿಸಿ. ಕಣ್ಣಿಗೆ ಕಾಣದಷ್ಟು, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಬಾಗಿದ್ದರೂ ಹೊಸ ಗ್ಯಾಸ್ಕೆಟ್ ನಿಲ್ಲುವುದು ಅನುಮಾನ. ಬಿರುಕಿಗೆ ಪ್ರೆಶರ್ ಪರೀಕ್ಷೆ ಮಾಡಿಸಿ, ಹೆಡ್ ಬೋಲ್ಟ್ ಬದಲಿಸಬೇಕೆಂದು ಕಂಪನಿ ಹೇಳಿದ್ದರೆ ಹಳೆಯದನ್ನೇ ಹಾಕಲು ಬಿಡಬೇಡಿ, ಟಾರ್ಕ್ ವ್ರೆಂಚ್ ಇಲ್ಲದ ಕಡೆ ಈ ಕೆಲಸ ಕೊಡಬೇಡಿ. ಬಿಚ್ಚಿದ ಪಾರ್ಟುಗಳನ್ನು ಕೇಳಿ ಪಡೆಯಿರಿ. ಇದನ್ನೆಲ್ಲ ಕೇಳಿದರೆ ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ.

ಡೀಸೆಲ್ ಜೀಪು, ಪಿಕಪ್ ಇಟ್ಟುಕೊಂಡವರು ಇದೇ ಪ್ರಶ್ನೆ ಕೇಳುತ್ತಿರುತ್ತಾರೆ. ಅವುಗಳಲ್ಲಿ ಹಲವಕ್ಕೆ ಫ್ಯಾನ್ ಇಂಜಿನ್ನಿನ ಬೆಲ್ಟಿಗೇ ಕೂತಿರುತ್ತದೆ, ನಡುವೆ ಸಿಲಿಕೋನ್ ಆಯಿಲಿನ ವಿಸ್ಕಸ್ ಕಪ್ಲಿಂಗ್. ಇಂಜಿನ್ ಬಂದ್ ಮಾಡಿ, ಬಿಸಿಯಿರುವಾಗ ಫ್ಯಾನನ್ನು ಕೋಲಿನಿಂದ ತಳ್ಳಿದರೆ ತಡೆ ಸಿಗಬೇಕು. ಸರಾಗವಾಗಿ ಸುತ್ತು ಹೊಡೆದರೆ ಕಪ್ಲಿಂಗ್ ಹೋಗಿದೆ.

ಧರ್ಮಸ್ಥಳದ ಪ್ರಯಾಣ: ಕೆಲಸ ಮುಗಿಸದೆ ಹೋಗಬೇಡಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಏನೂ ಆಗುವುದಿಲ್ಲ, ಅದೇ ಮೋಸ. ವಾಪಸ್ ಬರುವಾಗ ಕೆಳಗಿನ ಸೆಕೆ, ಪೂರ್ತಿ ಲೋಡು, ಉದ್ದದ ಏರು. ಕೆಲಸ ಮುಗಿದ ಮೇಲೆ ಮೊದಲು ಒಬ್ಬರೇ ವಾರದ ದಿನ ಕೈಮರದ ಏರು ಹತ್ತಿ ನೋಡಿ, ಮರುದಿನ ಬೆಳಿಗ್ಗೆ ರೇಡಿಯೇಟರ್ ಮಟ್ಟ ನೋಡಿ. ಬಾಯಿವರೆಗೆ ಇದ್ದರೆ ಹೊರಡಬಹುದು.

ಏರಿನಲ್ಲಿ ಮೂರನೇ ಗೇರಿನಲ್ಲಿ ಇಂಜಿನ್ನನ್ನು ಏದುಸಿರು ಬಿಡಿಸಬೇಡಿ, ಎರಡಕ್ಕೆ ಇಳಿಸಿ. ಪಂಪು ಜೋರಾಗಿ ತಿರುಗಿ ಕೂಲೆಂಟ್ ಬೇಗ ಓಡುತ್ತದೆ. ಮುಳ್ಳು ಏರತೊಡಗಿದರೆ ಎಸಿ ಬಂದ್ ಮಾಡಿ, ಹೀಟರ್ ಫುಲ್ ಹಾಕಿ, ಕಿಟಕಿ ಇಳಿಸಿ. ಹಿಂಸೆಯೇ, ಆದರೆ ಹೀಟರು ಇನ್ನೊಂದು ಸಣ್ಣ ರೇಡಿಯೇಟರಿನ ಕೆಲಸ ಮಾಡುತ್ತದೆ. ಇಂಜಿನ್ ಕಾದಿದ್ದರೂ ಹೀಟರಿನಲ್ಲಿ ತಣ್ಣನೆ ಗಾಳಿ ಬಂದರೆ ಒಳಗೆ ಕೂಲೆಂಟ್ ಇಲ್ಲ, ತಕ್ಷಣ ನಿಲ್ಲಿಸಿ. ಕೆಂಪಿಗೆ ಹೋದರೆ, ಹಬೆ ಬಂದರೆ, ತಿರುವು ಬಿಟ್ಟು ಅಗಲವಿದ್ದ ಕಡೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಹಬೆಯ ಹೊತ್ತಿನಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸರಿಹೋಯಿತು ಅಂದುಕೊಳ್ಳಬೇಡಿ. ಸೆನ್ಸರಿಗೆ ತಾಗಲು ನೀರೇ ಉಳಿದಿಲ್ಲದಿದ್ದಾಗಲೂ ಹಾಗಾಗುತ್ತದೆ. ಅರ್ಧ ಗಂಟೆಯಾದರೂ ಕ್ಯಾಪ್ ಮುಟ್ಟಬೇಡಿ. ಮೇಲಿನ ಹೋಸು ಹಿಸುಕಿದರೆ ಮೆತ್ತಗಾಗಿರಬೇಕು, ಆಮೇಲೆ ದಪ್ಪ ಬಟ್ಟೆ ಹಾಕಿ ಮೆಲ್ಲಗೆ ತಿರುಗಿಸಿ. ಸುಟ್ಟ ಮುಖಗಳನ್ನು ನಾನು ನೋಡಿದ್ದೇನೆ. ಕಾದ ಇಂಜಿನ್ನಿನ ಮೇಲೆ ಝರಿಯ ತಣ್ಣೀರು ಸುರಿಯುವುದಂತೂ ಬೇಡವೇ ಬೇಡ, ಹೆಡ್ ಬಿರುಕು ಬಿಡುತ್ತದೆ.

ಇಳಿಸಿದ ಹಳೇ ಕೂಲೆಂಟನ್ನು ಅಂಗಳಕ್ಕೋ ತೋಟಕ್ಕೋ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕ್ಯಾನಿಗೆ ತುಂಬಿಸಿ, ಹಳೇ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿನವರು ತೆಗೆದುಕೊಳ್ಳುತ್ತಾರಾ ವಿಚಾರಿಸಿ ಕೊಡಿ.